ಸವರಿ ನೋಡಿದ ಕೈ

"ಗುರುಗಳೇ, ದಿನವೂ ಮನಸ್ಸನ್ನು ತಿಕ್ಕಿ ತೊಳೆಯುತ್ತೇನೆ. ಆದರೂ ದೋಷ ಉಳಿದೇ ಇರುತ್ತದೆ. ಇನ್ನೆಷ್ಟು ತಿಕ್ಕಬೇಕು?" ಎಂದು ಶಿಷ್ಯ ಕೇಳಿದ. ಉಪವಾಸ ಮಾಡಿ ಮಾಡಿ ಅವನ ಮುಖ ಬಾಡಿತ್ತು. ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದ.

ಗುರುಗಳು ಕತೆ ಹೇಳತೊಡಗಿದರು.

ಉಪ್ಪು ತಯಾರಿಸುವವನೊಬ್ಬನಿಗೆ ಮಗಳಿದ್ದಳು. ತಂದೆಯ ಜೊತೆ ಉಪ್ಪಿನ ಗದ್ದೆಗಿಳಿದು, ಹಲಗೆ ಹಿಡಿದು ಉಪ್ಪು ಎಳೆಯುವುದು ಅವಳ ಕೆಲಸ. ಉಪ್ಪುನೀರಿನಲ್ಲಿ ನಿಂತು ನಿಂತು ಕಾಲು ಒರಟಾಗಿತ್ತು. ಅದನ್ನು ಅವಳೆಂದೂ ತಲೆಗೆ ಹಚ್ಚಿಕೊಂಡವಳಲ್ಲ. ಅಷ್ಟರಲ್ಲಿ ರೇಷ್ಮೆ ವ್ಯಾಪಾರಿಯ ಮನೆಯಿಂದ ಸಂಬಂಧ ಕೂಡಿಬಂತು. ಮದುವೆಗೆ ಮೊದಲು ಗಂಡಿನ ಕಡೆಯ ಹೆಂಗಸರು ಬಂದು ಹುಡುಗಿಯ ಮೊಣಕಾಲಿನವರೆಗೆ ಅರಿಶಿನ ಹಚ್ಚುವುದು ಆ ಮನೆತನದ ಪದ್ಧತಿ. ರೇಷ್ಮೆ ಮುಟ್ಟುವ ಕೈಗಳು ತನ್ನ ಕಾಲು ಮುಟ್ಟುತ್ತವೆ ಎಂದು ನೆನೆದು ಅವಳು ಕಾಲು ನುಣುಪು ಮಾಡಲು ಹೊರಟಳು.

ಕಡಲೆಹಿಟ್ಟು ಹಚ್ಚಿ ತಿಕ್ಕಿದಳು. ಸವರಿ ನೋಡಿದರೆ ತರಿತರಿ. ಹರಳುಪ್ಪಿಗೆ ಎಣ್ಣೆ ಬೆರೆಸಿ ತಿಕ್ಕಿದಳು. ಸತ್ತ ಚರ್ಮವೆಲ್ಲ ಎದ್ದು ಬಂತು. ಸಾಕು ಬಿಡೇ ಎಂದು ತಾಯಿ ಗದರಿದಳು. ಮಗಳು ಮತ್ತೆ ಸವರಿದಳು, ಆಗಲೂ ತರಿತರಿ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಸವರುವುದು, ತಿಕ್ಕುವುದು, ಮತ್ತೆ ಸವರುವುದು, ಇದೇ ಆಯಿತು.

ಅರಿಶಿನದ ದಿನ ಬಂತು. ಗಂಡಿನ ತಾಯಿ ಕಾಲಿಗೆ ಅರಿಶಿನ ಮುಟ್ಟಿಸಿದ್ದೇ ತಡ, ಹುಡುಗಿ ಉರಿ ತಾಳಲಾರದೆ ಅತ್ತುಬಿಟ್ಟಳು. ಕಾಲೆಲ್ಲ ಹಸಿಗಾಯವಾಗಿತ್ತು. ಬಂದವರು ಮುಖ ಮುಖ ನೋಡಿಕೊಂಡರು. ಮಾಡಿಕೊಂಡ ಸಂಬಂಧ ಮುರಿದೇ ಹೋಯಿತೆಂದು ಹುಡುಗಿ ಹೆದರಿದಳು. ಗಂಡಿನ ತಾಯಿ ಮಾತ್ರ ಅರಿಶಿನ ತೊಳೆದು, ಬೆಣ್ಣೆ ಹಚ್ಚಿ, ಹೀಗೇಕೆ ಮಾಡಿಕೊಂಡೆ ಎಂದು ಕೇಳಿದಳು.

"ಎಷ್ಟು ತಿಕ್ಕಿದರೂ ಒರಟು ಹೋಗಲಿಲ್ಲ ಅತ್ತೇ."

ಅತ್ತೆ ಅವಳ ಕೈ ಹಿಡಿದು ತನ್ನ ಸೀರೆಯ ಸೆರಗಿನ ಮೇಲೆ ಮೆಲ್ಲಗೆ ಎಳೆದಳು. ಹೊಸ ರೇಷ್ಮೆಯೂ ಹುಡುಗಿಯ ಕೈಗೆ ತರಿತರಿ ಎನಿಸಿತು.

"ಕಾಲು ಯಾವತ್ತೋ ನುಣುಪಾಗಿತ್ತು ಮಗಳೇ. ಒರಟಿರುವುದು ನಿನ್ನ ಅಂಗೈ."

ಕತೆ ಮುಗಿಯಿತು. ಶಿಷ್ಯ ತಟ್ಟನೆ ಎದ್ದು ನಿಂತ. "ಹಾಗಾದರೆ ಅತಿಯಾಗಿ ತಿಕ್ಕಿದ್ದೂ ನನ್ನದೊಂದು ದೋಷವೇ. ಇವತ್ತಿನಿಂದ ಅದನ್ನೂ ತೊಳೆದುಕೊಳ್ಳುತ್ತೇನೆ" ಎಂದ.

ಗುರುಗಳು ಕೇಳಿದರು: "ಈ ದೋಷವನ್ನು ಸವರಿ ಕಂಡುಹಿಡಿದದ್ದು ಯಾವ ಕೈ?"