ತುಂಬೆಯ ಮುಂಗಾಲಿನ ಹಗ್ಗ

ಪೂಜ್ಯ ಮೆಟ್ಟಿಲಯ್ಯನವರು ಹಿರೇಬಂಡೆಹಳ್ಳಿ ಕಲ್ಯಾಣಿಯ ನೂರೆಂಟು ಮೆಟ್ಟಿಲುಗಳನ್ನು ಒಂದೇ ಉಳಿಯಿಂದ ಕಡೆದು ಕೂಡಿಸಿದರು. ಹನ್ನೆರಡು ವರ್ಷ ಆ ಉಳಿಯನ್ನು ಒಂದು ಸಲವೂ ಕುಲುಮೆಗೆ ಒಯ್ಯಲಿಲ್ಲ. ಅವರ ಕೈ ತಾಕಿದರೆ ಸಾಕು, ತಾನಾಗಿ ಹರಿತವಾಗುತ್ತಿತ್ತು. ಸುಳ್ಳೆನ್ನುವವರಿದ್ದರೆ ಎದ್ದು ಬರಲಿ. ಕಣ್ಣಾರೆ ಕಂಡವರೆಲ್ಲ ಮಣ್ಣು ಸೇರಿ ಆಯಿತು. ಅಂಥ ಮಹಾತ್ಮರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಮೈಮೇಲೊಂದು ಗೋಣಿಯ ತುಂಡು, ಪಕ್ಕದಲ್ಲೊಂದು ಮಡಕೆ ನೀರು, ಕಲ್ಲಿನ ಪುಡಿಗೆ ಬೆಳ್ಳಗಾದ ಹುಬ್ಬು. ಅಷ್ಟೇ ಅವರ ಸಂಸ್ಥಾನ.

ಒಂದು ಬೆಳಗ್ಗೆ ಅವರೆದುರಿಗೆ ಬೋರಯ್ಯ ಬಂದು ಕೈಮುಗಿದು ನಿಂತ. ಮಾತಿನಲ್ಲಿ ಅವನನ್ನು ಮೀರಿಸುವವರು ಆ ಊರಲ್ಲಿರಲಿಲ್ಲ. ಅವನು ಅರಳಿಕಟ್ಟೆಯ ಮೇಲೆ ಕೂತನೆಂದರೆ ಹೊಲಕ್ಕೆ ಹೊರಟವರೂ ಗುದ್ದಲಿ ಕೆಳಗಿಟ್ಟು ಕೂರುತ್ತಿದ್ದರು. ಎಂಟು ದಿನದ ಕೆಳಗೆ ಅವನ ಮನೆಯ ಹಾಲು ಕರೆಯುವ ಹಸು ತುಂಬೆ ಇದೇ ಕಲ್ಯಾಣಿಗೆ ಜಾರಿ ಬಿದ್ದು, ಕತ್ತು ಮುರಿದು ಸತ್ತಿತ್ತು.

"ಬುದ್ಧಿ, ನನ್ನ ತುಂಬೆಗೊಂದು ವೀರಗಲ್ಲು ಕಡೆದುಕೊಡಬೇಕು," ಎಂದ. "ಚಿರತೆ ಜೊತೆ ಕಾದಾಡಿದ ಹಸು ಅದು. ಏಳು ಮೊಳದ ಚಿರತೆ! ಅದನ್ನ ಅಟ್ಟಿಸಿಕೊಂಡು ಬಂದು ಇಲ್ಲಿ ಜಾರಿತು."

ಊರಿಗೆಲ್ಲ ಅವನು ಹೇಳಿದ್ದು ಇದೇ. ಮೊದಲ ದಿನ ಚಿರತೆ ನಾಲ್ಕೇ ಮೊಳವಿತ್ತು.

ನಡೆದದ್ದು ಬೇರೆ. ದನ ಬೇರೆಯವರ ಪೈರಿಗೆ ನುಗ್ಗದಿರಲೆಂದು ಕೊಂಬಿಗೂ ಮುಂಗಾಲಿಗೂ ಸೇರಿಸಿ ಗಿಡ್ಡ ಹಗ್ಗ ಬಿಗಿಯುವುದು ಆ ಕಡೆಯ ರೂಢಿ. ಹಾಗೆ ಕಟ್ಟಿದ ಹಸು ತಲೆ ಎತ್ತಲಾರದು, ಕಾಲು ನೀಡಲಾರದು. ನೀರಿಗೆ ಬಿಡುವ ಮುಂಚೆ ಬಿಚ್ಚಲೇಬೇಕು. ಅಂದು ಬಿಚ್ಚಬೇಕಾದವನು ಕಟ್ಟೆಯ ಮೇಲೆ ಕಥೆ ಹೇಳುತ್ತಿದ್ದ. ಬಾಯಾರಿದ ತುಂಬೆ ಹಗ್ಗದ ಸಮೇತ ತಾನೇ ಮೆಟ್ಟಿಲಿಳಿಯಿತು. ಬೋರಯ್ಯ ಓಡಿ ಬಂದಾಗ ಉಸಿರಿರಲಿಲ್ಲ. ಜನ ಕೂಡುವುದರೊಳಗೆ ಹಗ್ಗ ಬಿಚ್ಚಿ ಕಂಬಳಿಯೊಳಗೆ ಅಡಗಿಸಿದ. ಆಮೇಲೆ ಬಾಯಿಗೆ ಚಿರತೆ ಬಂತು.

ಊರವರು ನಂಬಿದರೋ ಬಿಟ್ಟರೋ, ಹೆಂಡತಿ ತಿಪ್ಪಮ್ಮ ಮಾತ್ರ ನಂಬಿದ್ದಳು. ತುಂಬೆ ತಾಯಿ ಸತ್ತ ಕರುವಾಗಿದ್ದಾಗ ಗಂಜಿ ಕುಡಿಸಿ ಸಾಕಿದವಳು ಅವಳು. "ನಮ್ಮ ತುಂಬೆ ಹೆದರಲಿಲ್ಲ ಕಣ್ರೀ," ಎಂದು ಬಾವಿಕಟ್ಟೆಯಲ್ಲಿ ಹೇಳಿಕೊಂಡು ಅಳುತ್ತಿದ್ದಳು. ಬೆಳಗಿನ ಜಾವ ರೂಢಿಯಂತೆ ಎದ್ದು, ಕೆಚ್ಚಲು ತೊಳೆಯುವ ನೀರು ಕಾಯಿಸಿ, ನೆನಪಾಗಿ ಬಚ್ಚಲಿಗೆ ಚೆಲ್ಲುತ್ತಿದ್ದಳು. ಬೋರಯ್ಯ ಗೋಡೆಯ ಕಡೆ ಮುಖ ಮಾಡಿ ನಿದ್ದೆ ಬಂದವನಂತೆ ಮಲಗಿರುತ್ತಿದ್ದ. ಅವಳ ಜೊತೆ ಕೂತು ಅಳಲು ಅವನಿಗೆ ದಾರಿಯಿರಲಿಲ್ಲ. ಅವಳು ಅಳುತ್ತಿದ್ದ ಸಾವೇ ಬೇರೆ, ಅವನ ಎದೆಯೊಳಗಿದ್ದ ಸಾವೇ ಬೇರೆ.

ಕಲ್ಲು ನಿಂತರೆ ಚಿರತೆಯ ಮಾತೇ ನಿಜವಾಗಿಬಿಡುತ್ತದೆ ಎಂದು ಅವನು ಬಂದಿದ್ದ.

ಸ್ವಾಮಿಗಳು ಚಪ್ಪಡಿಯೊಂದನ್ನು ಎಳೆದುಕೊಂಡು, ಇದ್ದಿಲು ಕೈಗೆ ತೆಗೆದುಕೊಂಡರು. "ಏನೇನು ಬೇಕು?"

"ಬಾಲ ಎತ್ತಿದ ಹಸು, ಬುದ್ಧಿ. ಎದುರಿಗೆ ಬಾಯಿ ತೆರೆದ ಚಿರತೆ. ಮೇಲೆ ಸೂರ್ಯ ಚಂದ್ರ."

ಕೊಂಬು ಬಂತು, ಬಾಲ ಬಂತು, ಚಿರತೆಯೂ ಬಂತು. ಮುಂಗಾಲಿನ ಹತ್ತಿರ ಸ್ವಾಮಿಗಳ ಕೈ ನಿಂತಿತು.

"ಹಗ್ಗವನ್ನು ಎಲ್ಲಿಂದ ಎಳೆಯಲಿ, ಬೋರಯ್ಯ? ಎಡಗೊಂಬಿನಿಂದಲೋ, ಬಲಗೊಂಬಿನಿಂದಲೋ?"

ಹಸುವನ್ನು ಹೂಳಿದ ದಿನ, ಜನವೆಲ್ಲ ಬೋರಯ್ಯನನ್ನು ಸುತ್ತಿಕೊಂಡು ಚಿರತೆಯ ವರ್ಣನೆ ಕೇಳುತ್ತಿದ್ದಾಗ, ಗುಂಡಿಗಿಳಿದು ಆ ಕಾಲನ್ನು ಸವರಿದವರು ಸ್ವಾಮಿಗಳೊಬ್ಬರೇ. ಹಗ್ಗ ತಿಂದು ರೋಮ ಸವೆದ ಜಾಗ ಅವರ ಬೆರಳಿಗೆ ಸಿಕ್ಕಿತ್ತು.

"ಬಲಗೊಂಬು," ಎಂದ ಬೋರಯ್ಯ. ಉಳಿದದ್ದನ್ನೂ ಹೇಳಿದ. ಜೀವಮಾನದಲ್ಲಿ ಅವನು ಹೇಳಿದ ಅತಿ ಚಿಕ್ಕ ಕಥೆ ಅದು.

ಸ್ವಾಮಿಗಳು ಅಂಗೈ ಒದ್ದೆ ಮಾಡಿಕೊಂಡು ಚಿರತೆಯನ್ನು ಒರೆಸಿದರು.

"ಎಂಟು ದಿನ ಚಿರತೆ ಬಂದ ಸುದ್ದಿ ಹೇಳಿದೆ. ಹಸು ಸತ್ತ ಸುದ್ದಿಯನ್ನು ಯಾರಿಗೂ ಹೇಳಿಲ್ಲ. ಅದನ್ನು ಸಾಕಿದ ತಾಯಿಗೆ ಹೋಗಿ ಹೇಳು."

ಇಷ್ಟು ನುಡಿದು ಉಳಿ ಎತ್ತಿಕೊಂಡರು.

ತಿಪ್ಪಮ್ಮ ಬರಿದಾದ ಗೋದಲಿಯ ಪಕ್ಕ ಕುಳಿತಿದ್ದಳು. ಬೋರಯ್ಯ ನಿಂತೇ ಹೇಳಿದ. ಹಗ್ಗ, ಕೊಂಬು, ಮೆಟ್ಟಿಲು, ಕಂಬಳಿ. ಹೇಳುತ್ತ ಹೇಳುತ್ತ ಅವನಿಗೇ ಅಳು ಬಂತು. ತುಂಬೆ ಸತ್ತ ಮೇಲೆ ಮೊದಲ ಸಲ. ಅವಳು ಅಳಲಿಲ್ಲ. ಅವನನ್ನೇ ನೋಡಿದಳು.

"ನೀರಿಗೆ ಬಿಡೋ ಹೊತ್ತಲ್ಲಿ ಎಲ್ಲಿದ್ದಿದ್ದು?"

"ಕಟ್ಟೆ ಮೇಲೆ. ಒಂದು ಗಳಿಗೆ ಕೂತಿದ್ದೆ, ಅಷ್ಟೆ."

"ಒಂದು ಗಳಿಗೆಯಾ? ಅವತ್ತು ಬುತ್ತಿ ಗಂಟು ಬಿಚ್ಚದೆ ಹಾಗೇ ವಾಪಸ್ ಬಂದಿತ್ತಲ್ಲ?"

ಬೋರಯ್ಯ ಬಾಯಿ ತೆರೆದ. ಹತ್ತು ಉತ್ತರಗಳು ಒಟ್ಟಿಗೇ ನಾಲಿಗೆಯ ತುದಿಗೆ ಬಂದವು, ಎಲ್ಲವೂ ಚೆನ್ನಾಗಿದ್ದವು. ಅವನು ಅವನ್ನೆಲ್ಲ ನುಂಗಿಕೊಂಡು, ಅವಳ ಪಕ್ಕ ಬರಿ ನೆಲದ ಮೇಲೆ ಕೂತ.

"ಮಧ್ಯಾಹ್ನ ಪೂರ್ತಿ ಕೂತಿದ್ದೆ, ತಿಪ್ಪಿ," ಎಂದ.