ಸಾಲೋಮನ್ ಮಾಸ್ತರರ ನೀಲಿ ಡಿಲೇ

ಮಲಪ್ರಭೆಯ ದಂಡೆಯ ಮೇಲೆ ಸಾಲೋಮನ್ ಮಾಸ್ತರರ ಎರಡು ಕೋಣೆಯ ಮನೆ. ಒಂದು ಕಾಲಕ್ಕೆ ಅವರು ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸುತ್ತಾ ಊರೂರು ಸುತ್ತಿದವರು. ಈಗ ಮನೆಯಲ್ಲೇ ಕೂತು ಕಲಿಸುತ್ತಿದ್ದರು.

ಅವರ ಕಾಲ ಬಳಿ ಯಾವಾಗಲೂ ಒಂದು ನೀಲಿ ಕಬ್ಬಿಣದ ಪೆಟ್ಟಿಗೆ ಇರುತ್ತಿತ್ತು. ಅದು ಡಿಜಿಟಲ್ ಡಿಲೇ ಪೆಡಲ್. ಕಾಲಿನಿಂದ ಅದುಮಿ ಗಿಟಾರ್ ಮೀಟಿದರೆ, ಮೀಟಿದ ಸ್ವರ ಅರೆಕ್ಷಣ ತಡೆದು ಮರಳಿ ಬರುತ್ತಿತ್ತು. ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಒಂದಿಷ್ಟು ಮಂಕಾಗಿ, ಒಂದಿಷ್ಟು ಒರಟಾಗಿ, ಕೊನೆಗೆ ಇಲ್ಲವಾಗುತ್ತಿತ್ತು.

ಪೆಟ್ಟಿಗೆಗೆ ನಲವತ್ತು ವರ್ಷ. ಈಗಿನ ಪೆಡಲ್‌ಗಳು ಸ್ವರವನ್ನು ಕೂದಲೆಳೆಯಷ್ಟೂ ಕೆಡದಂತೆ ಮರಳಿಸುತ್ತವೆ. ಆದರೂ ದೂರದ ಊರುಗಳ ಗಿಟಾರ್ ವಾದಕರು ಈ ಹಳೆಯದನ್ನೇ ಹುಡುಕಿಕೊಂಡು ಬಂದು, ಒಮ್ಮೆ ಕಾಲಿಟ್ಟು ನೋಡಿ, ನಮಗೆ ಕೊಡಿ ಎಂದು ಗೋಗರೆಯುತ್ತಿದ್ದರು. ಮಾಸ್ತರರು ಅವರಿಗೆ ಚಹಾ ಕೊಟ್ಟು ಕಳಿಸುತ್ತಿದ್ದರು.

ಇಂದುಧರ ಅವರ ಶಿಷ್ಯ. ಪೇಟೆಯಲ್ಲಿ ಅವನದು ಆಂಪ್ಲಿಫೈಯರ್ ರಿಪೇರಿಯ ಅಂಗಡಿ. ಆರು ವರ್ಷದಿಂದ ದಿನವೂ ಬೆಳಿಗ್ಗೆ, ಅಂಗಡಿ ತೆರೆಯುವ ಮೊದಲು ಬಂದು ಕಲಿಯುತ್ತಿದ್ದ.

ಅವನಿಗೆ ಒಂದೇ ಆಸೆ. ಸಂಕ್ರಾಂತಿಯ ದಿನ ಜನ ಬುತ್ತಿ ಕಟ್ಟಿಕೊಂಡು ಹೊಳೆಗೆ ಬರುತ್ತಾರೆ. ಅವತ್ತು ಮಾಸ್ತರರು ಒಬ್ಬ ಶಿಷ್ಯನನ್ನು ಹೊಳೆಯ ಮೆಟ್ಟಿಲ ಮೇಲೆ ಕೂರಿಸಿ, ತಮ್ಮ ಪೆಟ್ಟಿಗೆ ಕೊಟ್ಟು, ಒಬ್ಬನೇ ಬಾರಿಸಲು ಬಿಡುತ್ತಿದ್ದರು. ಹಾಗೆ ಕೂತವನ ಕಲಿಕೆ ಮುಗಿಯಿತು ಎಂದರ್ಥ.

ಅದಕ್ಕೆ ಮುಂಚೆ ಮಾಸ್ತರರ ಎದುರು ಬಾರಿಸಿ ತೋರಿಸಬೇಕು. ನಡುವೆ ಅವರು "ಸಾಕು" ಎಂದರೆ ಇನ್ನೊಂದು ವರ್ಷ ಕಾಯಬೇಕು. ಇಂದುಧರ ಐದು ಸಲ ಬಾರಿಸಿದ್ದ. ಐದು ಸಲವೂ "ಸಾಕು" ಕೇಳಿದ್ದ.

"ಎಲ್ಲಿ ತಪ್ಪಿದೆ ಹೇಳ್ರಿ ಮಾಸ್ತರ," ಎಂದು ಐದನೆಯ ಸಲ ಕೇಳಿಯೇಬಿಟ್ಟ.

"ತಪ್ಪಿಲ್ಲ ತಮ್ಮಾ. ಇದನ್ನ ನಾ ಮೊದಲ ಕೇಳೀನಿ."

ತಪ್ಪಿಲ್ಲದವನನ್ನು ಫೇಲು ಮಾಡುವ ಗುರುವಿಗೆ ಏನು ಹೇಳುವುದು? ಆದರೆ ಇಂದುಧರ ಹಠದ ಮನುಷ್ಯ. ಮಾಸ್ತರರು ಬಾರಿಸುವುದನ್ನು ಇನ್ನಷ್ಟು ನಿಗಾ ಇಟ್ಟು ಕಲಿತ. ಹಿಂದೆಂದೋ ಬಸ್ಸಿನ ಬಾಗಿಲಿಗೆ ಸಿಕ್ಕಿ ಮಾಸ್ತರರ ಉಂಗುರ ಬೆರಳು ಸೆಟೆದುಕೊಂಡಿತ್ತು. ಹಾಗಾಗಿ ಆ ಬೆರಳಿನ ಸ್ವರ ಯಾವಾಗಲೂ ಚೂರು ತಡವಾಗಿ ಬೀಳುತ್ತಿತ್ತು. ಇಂದುಧರನ ಬೆರಳಿಗೆ ಏನೂ ಆಗಿರಲಿಲ್ಲ. ಪುಣ್ಯಾತ್ಮ ಆ ತಡವನ್ನೂ ಕಲಿತ.

ಆರನೆಯ ಸಂಕ್ರಾಂತಿಗೆ ಮೂರು ವಾರ ಇರುವಾಗ ಮಾಸ್ತರರು ನಾಲ್ಕು ದಿನದ ಮಟ್ಟಿಗೆ ಮಗಳ ಊರಿಗೆ ಹೊರಟರು. ಮನೆಯ ಕೀಲಿ ಇಂದುಧರನ ಕೈಗೆ ಬಂತು.

ಗುರುಸೇವೆಗೆ ಇದೇ ಸಮಯ ಎಂದುಕೊಂಡು ಅವನು ನೀಲಿ ಪೆಟ್ಟಿಗೆಯನ್ನು ಅಂಗಡಿಗೆ ಒಯ್ದು ಬಿಚ್ಚಿದ. ಮರಳುವ ಸ್ವರ ಮಂಕಾಗುವುದು ರಿಪೇರಿಯವನ ಕಣ್ಣಿಗೆ ಒಂದು ರೋಗ. ಸ್ವರದ ಹರಿತವನ್ನು ತಡೆಯುತ್ತಿದ್ದ ಎರಡು ಹಳೇ ಕೆಪಾಸಿಟರ್‌ಗಳನ್ನು ಕಿತ್ತು ಗುಜರಿ ಡಬ್ಬಕ್ಕೆ ಎಸೆದ. ಬೇರೆ ಎರಡನ್ನು ಬೆಸೆದ. ಈಗ ಸ್ವರ ಹೊಸ ಪೆಡಲ್‌ಗಳಲ್ಲಿ ಬರುವಂತೆ, ಹೋದ ಹಾಗೇ ಮರಳಿ ಬರತೊಡಗಿತು. ಅವನ ಹಿಗ್ಗು ಹೇಳತೀರದು.

ಮಾಸ್ತರರು ಬಂದರು. ಅವನು ಮರಳಿ ತಂದಿಟ್ಟಿದ್ದ ಪೆಟ್ಟಿಗೆ ಅದುಮಿ, ನಾಲ್ಕು ಸ್ವರ ಮೀಟಿ ನಿಲ್ಲಿಸಿದರು.

ಬೈಯಲಿಲ್ಲ. ಗಿಟಾರ್ ಕೆಳಗಿಟ್ಟು, ನಾನು ಇಲ್ಲದಾಗ ಏನೇನಾಯಿತು ಹೇಳು ಎಂದರು.

"ಸೋಮವಾರ ಇಲ್ಲಿಗೆ ಬಂದಿದ್ನ್ರಿ," ಎಂದು ಇಂದುಧರ ಶುರು ಮಾಡಿದ.

"ಸೋಮವಾರ ಇಲ್ಲಿಗೆ ಬಂದಿದ್ನ್ರಿ," ಎಂದರು ಮಾಸ್ತರರು. ಅವನದೇ ದನಿ, ಅವನದೇ ಧಾಟಿ.

"ಪೆಟ್ಟಿಗಿ ಅಂಗಡಿಗೆ ಒಯ್ದೆ..."

"ಪೆಟ್ಟಿಗಿ ಅಂಗಡಿಗೆ ಒಯ್ದೆ."

ಅವನ ಮಾತಿನ ಮೇಲೆ ಅವನದೇ ಮಾತು ಬಂದು ಬೀಳುತ್ತಿತ್ತು. ಮೂರನೆಯ ವಾಕ್ಯಕ್ಕೆ ನಾಲಿಗೆ ತೊಡರಿತು. ನಾಲ್ಕನೆಯದು ಹೊರಡಲೇ ಇಲ್ಲ.

"ಈಗ ಹೇಳು," ಎಂದು ಮಾಸ್ತರರು ಗೋಡೆಗೆ ಒರಗಿದರು.

ಈ ಸಲ ಅವರು, ಅಜ್ಜಿಯ ಕತೆಗೆ ಮೊಮ್ಮಕ್ಕಳು ಹೂಂಗುಡುವಂತೆ, ಬರೀ "ಹೂಂ" ಎನ್ನುತ್ತಾ ಹೋದರು. ಒಂದು ಹೂಂ, ಆಮೇಲೆ ಇನ್ನೂ ಮೆಲ್ಲಗೆ ಇನ್ನೊಂದು. ಇಂದುಧರ ಹೇಳುತ್ತಲೇ ಹೋದ. ಪೆಟ್ಟಿಗೆ ಬಿಚ್ಚಿದ್ದು, ಬೆಸೆದದ್ದು, ಗುರುಗಳು ಮೆಚ್ಚುತ್ತಾರೆಂದು ಆಸೆಪಟ್ಟದ್ದು ಎಲ್ಲ ಬಂತು. ಹೇಳಬಾರದು ಅಂದುಕೊಂಡಿದ್ದೂ ಬಂತು. ಈ ಸಲವೂ ಸಾಕು ಅಂದುಬಿಡುತ್ತೀರೋ ಏನೋ ಎಂದು ನಿದ್ದೆ ಬರುತ್ತಿಲ್ಲ ಎಂದ.

ಹೇಳಿ ಮುಗಿಸಿ ಪೆಟ್ಟಿಗೆಯ ಕಡೆ ನೋಡಿದ. ಸ್ವರ ಮಂಕಾಗಿ ಮರಳುತ್ತಿದ್ದದ್ದು ರೋಗವಲ್ಲ, ಪೆಟ್ಟಿಗೆ ಹೂಂಗುಡುತ್ತಿದ್ದದ್ದು; ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೇನೆ ಎಂದು ಆಗ ಹೊಳೆಯಿತು.

"ಮೊದಲಿನಂಗ ಮಾಡಿ ತರ್ತೀನ್ರಿ," ಎಂದ.

"ಆಗ್ತೈತೇನು?"

"ಆಗೂತನಕ ಬಿಡಂಗಿಲ್ರಿ."

ಎರಡು ದಿನ ಗುಜರಿ ಡಬ್ಬ ಸುರುವಿ ಹುಡುಕಿದ. ಒಂದು ಕೆಪಾಸಿಟರ್ ನೆಟ್ಟಗೆ ಸಿಕ್ಕಿತು. ಇನ್ನೊಂದು ಒಡೆದು ಹೋಗಿತ್ತು. ಹಳೇ ರೇಡಿಯೋ, ಟೇಪ್‌ರೆಕಾರ್ಡರ್‌ಗಳ ಹೊಟ್ಟೆ ಬಗೆದು ಒಂದೊಂದನ್ನೇ ತೆಗೆದ. ಬೆಸೆದ, ಮೀಟಿದ, ಕಿವಿಗೊಟ್ಟ, ಕಿತ್ತ. ಬೆರಳ ತುದಿ ಸುಟ್ಟು ಬೊಬ್ಬೆ ಬಂತು. ಬಟ್ಟೆ ಸುತ್ತಿಕೊಂಡು ಮತ್ತೆ ಕೂತ. ಹದಿನೇಳನೆಯದು ಹಳೆಯದರ ಹತ್ತಿರಕ್ಕೆ ಬಂತು, ಆದರೆ ಅದೇ ಅಲ್ಲ. ಸ್ವರ ಮೊದಲಿಗಿಂತ ಬೇಗ ಮಂಕಾಗಿ ಅಡಗುತ್ತಿತ್ತು. ಆಮೇಲಿನ ಹತ್ತೂ ಅದಕ್ಕಿಂತ ದೂರವೇ ಉಳಿದವು. ಹದಿನೇಳನೆಯದನ್ನೇ ಮರಳಿ ಬೆಸೆದ.

ಸಂಕ್ರಾಂತಿಗೆ ಎರಡೇ ದಿನ ಇತ್ತು. ಪೆಟ್ಟಿಗೆ ತಂದು ಮಾಸ್ತರರ ಮುಂದಿಟ್ಟು, ಮೊದಲಿನಂತೆ ಆಗಲಿಲ್ಲ ಎಂದು ತಲೆ ತಗ್ಗಿಸಿದ. ಅವರು ಪೆಟ್ಟಿಗೆಯನ್ನು ಅವನ ಕಾಲ ಬಳಿಗೇ ಸರಿಸಿದರು.

"ಬಾರಿಸು."

ಇಂದುಧರ ಮಾಸ್ತರರ ಧಾಟಿಯಲ್ಲೇ ಶುರು ಮಾಡಿದ. ಅವರು ಮರಳುವ ಸ್ವರವನ್ನು ಕೋಲಿನಂತೆ ಊರಿಕೊಂಡು ಮುಂದಿನದನ್ನು ಎತ್ತುತ್ತಿದ್ದ ಜಾಗ ಬಂತು. ಊರಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಪೆಟ್ಟಿಗೆ ಆಗಲೇ ಸುಮ್ಮನಾಗಿತ್ತು.

ಅವನ ಕೈ ತಡವರಿಸಿತು. ಮಾಸ್ತರರ ಸ್ವರ ಇಲ್ಲಿ ನಿಲ್ಲದು, ತನ್ನದು ಯಾವುದೋ ಗೊತ್ತಿಲ್ಲ. ಎದ್ದು ಹೋಗಿಬಿಡಲೇ ಅನ್ನಿಸಿತು. ಹೋಗಲಿಲ್ಲ. ಹಲ್ಲು ಕಚ್ಚಿ ಸಿಕ್ಕ ಒಂದು ಸ್ವರ ಮೀಟಿದ. ಪೆಟ್ಟಿಗೆ ಅದನ್ನು ಮೆಲ್ಲಗೆ ಹಿಂದಕ್ಕೆ ಕೊಟ್ಟು ಜಾಗ ಬಿಟ್ಟಿತು. ಇನ್ನೊಂದು ಮೀಟಿದ. ಅದಕ್ಕೆ ಮತ್ತೊಂದು ಸೇರಿತು. ಬೊಬ್ಬೆ ಉರಿಯುತ್ತಿದ್ದ ಉಂಗುರ ಬೆರಳು ತಡ ಮಾಡದೆ ಬಂದು ಬಿದ್ದದ್ದು ಅವನಿಗೇ ತಿಳಿಯಲಿಲ್ಲ.

ಪ್ರತಿ ವರ್ಷ "ಸಾಕು" ಬೀಳುತ್ತಿದ್ದ ಜಾಗ ಬಂದಾಗ ಅವನ ಕೈ ತಾನಾಗಿ ನಿಂತಿತು. ಕೊನೆಯ ಸ್ವರ ಎರಡು ಸಲ ಮರಳಿ ಬಂದು ಅಡಗಿತು.

ಮಾಸ್ತರರು ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂತಿದ್ದರು.

"ಹೂಂ," ಎಂದರು. "ಮುಂದ?"