ಸೀಟಿನ ಮೇಲಿನ ಪ್ಲಾಸ್ಟಿಕ್

“ಅಜ್ಜಾರೇ, ನನ್ನ ಕಾರನ್ನು ಈಗಲೇ ಮಾರಲೋ, ಇನ್ನೆರಡು ವರ್ಷ ಇಟ್ಟುಕೊಳ್ಳಲೋ?”

ಹೀಗೆ ಕೇಳಿದವನು ಚನ್ನವೀರ. ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಚಿಕ್ಕಂದಿನಿಂದಲೂ ಮಠಕ್ಕೆ ನಡೆದುಕೊಂಡವನು. ಆ ಕಡೆ ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಾರೆ. ಅವನೂ ಹಾಗೆಯೇ ಕರೆದ. ಮಠದ ಮುಂದಿನ ದಾರಿಗೆ ಹೊಸದಾಗಿ ಜಲ್ಲಿ ಹರಡಿದ್ದರು. ಕಲ್ಲು ಸಿಡಿದು ಕಾರಿನ ಬಣ್ಣಕ್ಕೆ ಗೀರು ಬೀಳಬಾರದೆಂದು ಅವನು ಕಾರನ್ನು ದೂರದ ಡಾಂಬರು ರಸ್ತೆಯಲ್ಲೇ ನಿಲ್ಲಿಸಿದ್ದ. ಜೊತೆಗೆ ಅವನ ಅಕ್ಕ ನೀಲವ್ವ ಬಂದಿದ್ದಳು. ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಈಗ ಅವಳಿಗೆ ಮೊಣಕಾಲು ನೋವು. “ನೀ ಮುಂದೆ ಹೋಗಪ್ಪಾ, ನಾ ನಿಧಾನ ಬರ್ತೇನೆ” ಎಂದಿದ್ದಳು. ಅವನಿಗೆ ತನ್ನ ಪ್ರಶ್ನೆಯ ಅವಸರವಿತ್ತು, ಮುಂದೆ ಬಂದುಬಿಟ್ಟಿದ್ದ.

ಗುರುಗಳು ನಕ್ಕರು. “ತಮ್ಮಾ, ನನಗಿರುವುದು ಒಂದು ಜೊತೆ ಕಟ್ಟಿಗೆಯ ಆವುಗೆ. ಅದರ ಬೆಲೆಯೇ ನನಗೆ ಗೊತ್ತಿಲ್ಲ. ಊರವರನ್ನು ಕೇಳಬಾರದೇ?”

“ಕೇಳಿದ್ದೇ ತಪ್ಪಾಯಿತು, ಅಜ್ಜಾರೇ. ಕ್ಷೌರದ ಅಂಗಡಿಯವನು ‘ಈಗಲೇ ಮಾರು, ಇನ್ನು ಮುಂದೆ ಎಲ್ಲ ಬ್ಯಾಟರಿ ಕಾರುಗಳೇ’ ಅನ್ನುತ್ತಾನೆ. ಗ್ಯಾರೇಜಿನವನು ‘ಮಾರಬೇಡ, ಈಗ ಬರುವುದೆಲ್ಲ ಡಬ್ಬದ ತಗಡು’ ಅನ್ನುತ್ತಾನೆ. ನನ್ನ ಷಡ್ಡಕ ‘ಬಿಳಿಯದು ಬಿಟ್ಟು ಕೆಂಪನ್ನು ಯಾಕೆ ತಗೊಂಡೆ, ನಾಳೆ ಯಾರು ಕೊಳ್ಳುತ್ತಾರೆ’ ಎಂದು ಹಂಗಿಸುತ್ತಾನೆ. ಅವನಿಗೆ ಇರುವುದು ಸೈಕಲ್ಲು!”

“ಹಾಗಾದರೆ ನಾನು ಸಲಹೆ ಕೊಡುವುದಿಲ್ಲ. ಒಬ್ಬ ವ್ಯಾಪಾರಿಯ ಸಂಗತಿ ಹೇಳುತ್ತೇನೆ” ಎಂದು ಗುರುಗಳು ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಅವನು ಒಂದು ಕಾರು ಕೊಂಡ. ಯಾವುದನ್ನು ಕೊಳ್ಳಬೇಕೆಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದ. ಕೊನೆಗೆ, ಮುಂದೆ ಮಾರುವಾಗ ಯಾವುದಕ್ಕೆ ಹೆಚ್ಚು ಬೆಲೆ ಬರುತ್ತದೋ ಅದನ್ನೇ ಆರಿಸಿದ. ಅಂದರೆ, ಕೊಳ್ಳುವ ದಿನವೇ ಅವನ ಮನಸ್ಸು ಮಾರುವ ದಿನಕ್ಕೆ ಹೋಗಿ ಕುಳಿತಿತ್ತು.

ಪೂಜೆ ಮಾಡಿಸಿದ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಓಡಿಸಿದ. ಸೀಟುಗಳಿಗೆ ಹೊದಿಸಿ ಕೊಟ್ಟಿದ್ದ ಪ್ಲಾಸ್ಟಿಕ್ಕನ್ನು ಮಾತ್ರ ತೆಗೆಯಲಿಲ್ಲ. ನಾಳೆ ಕೊಳ್ಳುವವನು ಬಾಗಿಲು ತೆರೆದಾಗ ಸೀಟು ಹೊಸದರಂತೆಯೇ ಇರಬೇಕು ಎಂಬುದು ಅವನ ಆಸೆ. ಬೇಸಿಗೆಯಲ್ಲಿ ಆ ಪ್ಲಾಸ್ಟಿಕ್ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಸ್ವಲ್ಪ ಕದಲಿದರೂ ಚರಚರ ಎನ್ನುತ್ತಿತ್ತು. ಹೆಂಡತಿ ಕಾರು ಹತ್ತಿದರೆ, ಎಣ್ಣೆ ಹಚ್ಚಿದ ತಲೆಯನ್ನು ಎಲ್ಲಿಯೂ ಒರಗಿಸಬೇಡ ಎಂದು ಎಚ್ಚರಿಸುತ್ತಿದ್ದ.

ಹೆಂಡತಿಯ ತವರು ಗುಡ್ಡದ ಮೇಲಿನ ಹಳ್ಳಿ. ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಪದ್ಧತಿ. ಕರೆಯುವುದಕ್ಕೆ ಅಣ್ಣನೋ ತಮ್ಮನೋ ಬರಬೇಕು. ಅವಳಿಗೆ ಅಣ್ಣತಮ್ಮಂದಿರಿಲ್ಲ. ಗಂಡ ಕರೆದುಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಸ್ಸು ಗುಡ್ಡದ ಬುಡದವರೆಗೆ ಮಾತ್ರ ಹೋಗುತ್ತಿತ್ತು. ಕಾರು ಬರುವ ಮೊದಲು ಇಬ್ಬರೂ ಬಸ್ಸಿಳಿದು, ಮಾತಾಡುತ್ತಾ ಗುಡ್ಡ ಹತ್ತುತ್ತಿದ್ದರು. ಕಾರು ಬಂದ ಮೇಲೆ ಅದೂ ನಿಂತಿತು. ಮನೆಯಲ್ಲಿ ಕಾರಿಟ್ಟುಕೊಂಡು ಬಸ್ಸಿನಲ್ಲಿ ಹೋದರೆ ಜನ ನಗುವುದಿಲ್ಲವೇ?

ಪಂಚಮಿ ಬಂದಾಗಲೆಲ್ಲ ಹೆಂಡತಿ ಕೇಳುತ್ತಿದ್ದಳು: “ರೀ, ಅವ್ವ ಉಂಡೆ ಕಟ್ಟಿಕೊಂಡು ಕಾಯುತ್ತಿರುತ್ತಾಳೆ. ಈ ಸಲವಾದರೂ ಹೋಗೋಣವೇ?”

“ಅದು ಕಲ್ಲಿನ ದಾರಿ. ಕಾರಿನ ತಳ ಉಜ್ಜುತ್ತದೆ. ಕೊಳ್ಳುವವನು ಮೊದಲು ಬಗ್ಗಿ ನೋಡುವುದೇ ತಳವನ್ನು. ಇದನ್ನು ಮಾರಿ ಇನ್ನೊಂದು ತಗೊಂಡಾಗ ಹೋದರಾಯಿತು.”

ಒಂದು ವರ್ಷ ಪಂಚಮಿಯ ಹಿಂದಿನ ದಿನವೇ ಕೊಳ್ಳುವವನು ಬಂದ. ಅವನೊಬ್ಬ ಬಾಳೆಹಣ್ಣಿನ ವ್ಯಾಪಾರದವನು. ವ್ಯಾಪಾರಿ ಕೇಳಿದ ಬೆಲೆಯನ್ನೇ ಕೊಟ್ಟ. ತಳ ನೋಡಲು ಬಗ್ಗಲೇ ಇಲ್ಲ. ಬಾಗಿಲು ತೆರೆದು, “ಒತ್ತಿಕೊಂಡರೆ ಎಷ್ಟು ಜನ ಕೂಡಬಹುದು?” ಎಂದಷ್ಟೇ ಕೇಳಿದ. ಆಮೇಲೆ ಅಲ್ಲೇ ನಿಂತು ಸೀಟಿನ ಪ್ಲಾಸ್ಟಿಕ್ಕನ್ನು ಪರಪರನೆ ಹರಿದ.

ವ್ಯಾಪಾರಿಗೆ ತನ್ನ ಚರ್ಮವನ್ನೇ ಸುಲಿದಂತಾಯಿತು. “ಅಯ್ಯೋ ಮಾರಾಯಾ, ನಾಳೆ ಮಾರುವಾಗ ಏನು ಮಾಡುತ್ತೀ?”

“ಮಾರುವ ಮಾತು ಮಾರುವಾಗ, ಸಾಹುಕಾರರೇ. ಇವತ್ತು ಕೂಡಬೇಕಲ್ಲ!”

ನೀರು ತಂದುಕೊಟ್ಟ ಹೆಂಡತಿ ಕೊಳ್ಳುವವನನ್ನು ಯಾವ ಊರೆಂದು ಕೇಳಿದಳು. ಅವನು ಹೇಳಿದ್ದು ಅವಳ ತವರಿನ ಹೆಸರನ್ನೇ. ಅವಳು ತಾನು ಯಾರ ಮಗಳೆಂದು ಹೇಳಿದಳು, ಅಷ್ಟೇ. ಬೇರೇನೂ ಕೇಳಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ಅದೇ ಕಾರು ಮನೆಯ ಮುಂದೆ ಬಂದು ನಿಂತಿತು. ಒಳಗೆ ಬಾಳೆಹಣ್ಣಿನವನ ಹೆಂಡತಿ, ಮಕ್ಕಳು, ಕಾಲ ಬಳಿ ಒಂದು ಬಾಳೆಗೊನೆ. “ಅಕ್ಕಾ, ಪಂಚಮಿಗೆ ಕರೆಯುವುದಕ್ಕೆ ಬಂದಿದ್ದೇನೆ. ನಿನ್ನ ಊರಿನವನೆಂದರೆ ತಮ್ಮನಲ್ಲವೇ? ಹತ್ತು” ಎಂದ. ಅವಳು ಗಂಡನ ಮುಖ ನೋಡಿದಳು. ಅವನಿಗೆ ಬೇಡ ಎನ್ನಲು ಯಾವ ಕಾರಣವೂ ಹೊಳೆಯಲಿಲ್ಲ. ಏಕೆಂದರೆ ತಳ ಈಗ ಅವನದಲ್ಲ.

ಅವಳು ಉಂಡೆಯ ಡಬ್ಬಿಯೊಂದಿಗೆ ಸಂಜೆ ಮರಳಿದಳು. ವ್ಯಾಪಾರಿ ಕಟ್ಟೆಯ ಮೇಲೆ ಕಾದಿದ್ದ. ಅತ್ತೆ ಹೇಗಿದ್ದಾಳೆ ಎಂದು ಕೇಳಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ: “ತಳ ಉಜ್ಜಿತೇ?”

“ಎರಡು ಕಡೆ ಉಜ್ಜಿತು” ಎಂದಳು. “ಆದರೆ ರೀ, ನಮ್ಮ ಕಾರಿನ ಸೀಟು ಎಷ್ಟು ಮೆತ್ತಗಿದೆ! ನನಗೆ ಗೊತ್ತೇ ಇರಲಿಲ್ಲ.”

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮುಗಿಯಿತೆಂದು ತಿಳಿಯಲು ಚನ್ನವೀರನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ಆ ಹೆಂಡತಿಯ ಮಾತನ್ನೂ ಯೋಚಿಸಿದ, ವ್ಯಾಪಾರಿಯ ಪರವಾಗಿಯೂ ಯೋಚಿಸಿದ. ಒಳ್ಳೆಯ ಬೆಲೆಯಂತೂ ಬಂದಿತ್ತು, ಅದು ಸುಳ್ಳಲ್ಲ. ಅವನು ಮತ್ತೆ ತನ್ನ ಪ್ರಶ್ನೆಗೇ ಬಂದ.

“ಹಾಗಾದರೆ ಅಜ್ಜಾರೇ, ನಾನು ಮಾರಲೋ, ಬೇಡವೋ?”

ಗುರುಗಳು ಅವನ ಭುಜದಾಚೆ, ತೆರೆದ ಬಾಗಿಲಿನ ಹೊರಗೆ ನೋಡಿದರು.

“ಅದನ್ನು ಆಮೇಲೆ ನೋಡೋಣ ತಮ್ಮಾ, ನಿಮ್ಮಕ್ಕ ಇನ್ನೂ ಜಲ್ಲಿಯ ಮೇಲೆ ನಡೆಯುತ್ತಿದ್ದಾಳೆ.”